ಓಟದ ಶೂ ಸವೆದರೆ ಇವರ ಕೈಗೆ ಕೊಡಿ

ಅಂಗಡಿ ಎಂದರೆ ಒಂದು ದೊಡ್ಡ ಕೊಡೆ, ಒಂದು ಮರದ ಪೆಟ್ಟಿಗೆ, ಶೂ ಕವಚಿ ಹಾಕುವ ಕಬ್ಬಿಣದ ಅಚ್ಚು, ಅಷ್ಟೇ. ಚಿತ್ರದುರ್ಗದ ಸಂತೆಹೊಂಡ ದಾಟಿ ಸ್ವಲ್ಪ ಮುಂದೆ, ರಸ್ತೆ ಬದಿಯಲ್ಲಿ ಕೂತು ಶೂ ರಿಪೇರಿ ಮಾಡುತ್ತಾರೆ ಇವರು. ಕಳೆದ ತಿಂಗಳು ನನ್ನ ಶೂಗಳನ್ನು ಮುಂದಿಟ್ಟಾಗ, ಅಟ್ಟೆಯನ್ನು ಮೇಲೆ ಮಾಡಿ ಹಿಮ್ಮಡಿಯ ಅಂಚನ್ನು ಹೆಬ್ಬೆರಳಿನಿಂದ ಸವರಿ ಕೇಳಿದರು: "ಮೇಷ್ಟ್ರೇ, ಬಲಗಾಲನ್ನು ಹೊರಮಗ್ಗುಲಿಗೆ ಊರುತ್ತೀರಿ. ಇಳಿಜಾರಿನಲ್ಲಿ ಓಡುತ್ತೀರಾ?"

ಓಡುತ್ತೇನೆ. ಜೋಗಿಮಟ್ಟಿ ರಸ್ತೆಯಲ್ಲಿ ನಸುಕಿಗೇ ಏರು ಹತ್ತಿ, ಬೆಳಕು ಹರಿಯುವಾಗ ಇಳಿಯುತ್ತೇನೆ. ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಪಿ.ಟಿ. ಉಷಾ ಸೆಕೆಂಡಿನ ನೂರರಲ್ಲೊಂದು ಭಾಗದಿಂದ ಕಂಚು ಕಳೆದುಕೊಂಡ 1984ರಲ್ಲಿ ನಾನು ಎಂಟನೆಯ ತರಗತಿಯಲ್ಲಿದ್ದೆ. ಅಂದು ಬರಿಗಾಲಿನಲ್ಲಿ ಶುರುವಾದ ಓಟ ಇಂದಿಗೂ ನಿಂತಿಲ್ಲ. ಏರಿನಲ್ಲಿ ಉಸಿರು ಕಟ್ಟಿದಂತಾಗಿ, ತಿರುವು ದಾಟಿದೊಡನೆ ಎದೆ ಹಗುರಾಗಿ, ಕಾಲ ಕೆಳಗಿನ ಗರಸು ಕರಕರ ಎನ್ನುವ ಆ ಕ್ಷಣಕ್ಕಾಗಿಯೇ ಅಲಾರಂ ಇಲ್ಲದೆ ಏಳುತ್ತೇನೆ. ಹೆಂಡತಿ ತೀರಿಕೊಂಡ ವರ್ಷ ನನ್ನನ್ನು ಹಾಸಿಗೆಯಿಂದ ಎಬ್ಬಿಸಿದ್ದೂ ಅದೇ ರಸ್ತೆ.

ಇವರ ಬಳಿ ಬರುವ ಮೊದಲು ಬೇರೊಂದು ಕಡೆ ಅಟ್ಟೆ ಅಂಟಿಸಿಕೊಂಡಿದ್ದೆ. ನಾಲ್ಕೇ ದಿನಕ್ಕೆ ಬಾಯಿ ಬಿಟ್ಟಿತು. ಇವರು ಹಾಗೆ ಅವಸರ ಮಾಡುವವರಲ್ಲ. ಹಳೆಯ ಅಂಟನ್ನು ಪೂರ್ತಿ ಕೆರೆದು, ಎರಡೂ ಮೈಯನ್ನು ಉಜ್ಜಿ ಒರಟು ಮಾಡಿ, ಎರಡಕ್ಕೂ ತೆಳುವಾಗಿ ಅಂಟು ಸವರಿ ಆರಲು ಬಿಟ್ಟರು. ಬೆರಳಿಟ್ಟರೆ ಹತ್ತಬಾರದು, ಎಳೆಯಬೇಕು, ಅಷ್ಟು ಹದ ಬಂದ ಮೇಲೆಯೇ ಕೂಡಿಸಿ ಬಡಿದದ್ದು. ಬಳಿಕ ಮೇಣ ಎಳೆದ ದಾರದಿಂದ ಸುತ್ತಲೂ ಹೊಲಿಗೆ. ಸವೆದ ಹಿಮ್ಮಡಿಗೆ ರಬ್ಬರಿನ ತುಂಡು ಹಚ್ಚಿ, ಅದರ ಅಂಚನ್ನು ಎಡಗಾಲಿನ ಶೂಗೆ ಸರಿದೂಗುವವರೆಗೂ ಮೂರು ಸಲ ತೇಯ್ದು ನೋಡಿದರು. ಎರಡೂ ಶೂಗಳಿಗೆ ಸೇರಿ ಕೊಟ್ಟದ್ದು 220 ರೂಪಾಯಿ. ಅಂದಿನಿಂದ ದಿನಕ್ಕೆ 8 ಕಿಲೋಮೀಟರಿನಂತೆ ಓಡಿದ್ದೇನೆ, ಒಂದು ಎಳೆಯೂ ಬಿಚ್ಚಿಲ್ಲ.

ಒಂದು ಮಾತು ಹೇಳಲೇಬೇಕು. ಅಟ್ಟೆಯ ಮೇಲಿನ ಮೆತ್ತನೆಯ ಫೋಮ್ ಪದರ ಒಮ್ಮೆ ಕುಸಿದರೆ ಯಾರ ಕೈಯಲ್ಲೂ ಮೇಲೇಳುವುದಿಲ್ಲ. ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರಿಗೆ ಅದರ ಪುಟಿತ ಹೋಗುತ್ತದೆ. ನನ್ನ ಇನ್ನೊಂದು ಜೊತೆಯನ್ನು ಇವರು ಒತ್ತಿ ನೋಡಿ, "ಇದಕ್ಕೆ ದುಡ್ಡು ಹಾಕಬೇಡಿ, ಮಂಡಿ ನೋವು ಬರುತ್ತದೆ" ಎಂದು ವಾಪಸು ಕೊಟ್ಟರು. ಕೆಲಸ ಒಲ್ಲೆ ಎಂದ ಆ ಒಂದು ಮಾತಿಗೇ ನನ್ನ ನಂಬಿಕೆ ಇಮ್ಮಡಿಯಾಯಿತು.

ಕೊಟ್ಟ ದಿನವೇ ಶೂ ಕೈಗೆ ಸಿಗುವುದಿಲ್ಲ. ಅಂಟು ಗಟ್ಟಿಯಾಗಲು ಒಂದು ರಾತ್ರಿ ಇಟ್ಟುಕೊಳ್ಳುತ್ತಾರೆ. ಮಳೆ ಬಂದರೆ ಕೂರುವುದಿಲ್ಲ. ಶೂ ತೊಳೆದು, ಒಳಗೆ ಹಳೆಯ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ ಒಯ್ಯಿರಿ. ಕೆಸರು ಮೆತ್ತಿದ್ದನ್ನು ಅವರ ಮಡಿಲಿಗೆ ಹಾಕಬೇಡಿ.