ಗಾಡಿಗಳ ಫೋಟೋಗೆ ಆರ್‌ಜಿಬಿ ಟ್ಯೂಬ್ ಲೈಟ್: ಮೂರು ವರ್ಷ ಬಳಸಿದ ಮೇಲೆ

ಪುಣೆಯ ಕೋಥ್ರೂಡ್‌ನಲ್ಲಿದ್ದುಕೊಂಡು ವಾರಾಂತ್ಯಗಳಲ್ಲಿ ಕಾರು, ಬೈಕುಗಳ ಚಿತ್ರ ತೆಗೆದುಕೊಡುವ ನಾನು, ಎರಡು ಅಡಿ ಉದ್ದದ, ಒಳಗೇ ಬ್ಯಾಟರಿ ಇರುವ, ಕೆಂಪು, ಹಸಿರು, ನೀಲಿ ಬೆರೆಸಿ ಬೇಕಾದ ಬಣ್ಣ ಕೊಡುವ ಒಂದು ಜೊತೆ ಆರ್‌ಜಿಬಿ ಎಲ್‌ಇಡಿ ಟ್ಯೂಬ್‌ಗಳನ್ನು ಕೊಂಡು ಮೂರು ವರ್ಷ ತುಂಬಿತು. ಬಿಳಿ ಬೆಳಕನ್ನು, ಹಳದಿ ಛಾಯೆಯಿಂದ ನೀಲಿ ಛಾಯೆಯತ್ತ, 2700ರಿಂದ 6500 ಕೆಲ್ವಿನ್‌ವರೆಗೆ ಬದಲಿಸಬಹುದು. ಬಣ್ಣದ ಬೆಳಕಿಗೆ ವರ್ಣ, ಗಾಢತೆ, ಪ್ರಖರತೆ ಮೂರನ್ನೂ ಬೇರೆಬೇರೆಯಾಗಿ ಹೊಂದಿಸಬಹುದು. ಮೊದಲ ವರ್ಷವಿಡೀ ನಾನು ಇವುಗಳನ್ನು ತಪ್ಪಾಗಿ ಬಳಸಿದೆ. ಕಂಡ ಗಾಡಿಗೆಲ್ಲ ಒಂದು ಕಡೆಯಿಂದ ಗುಲಾಬಿ, ಇನ್ನೊಂದು ಕಡೆಯಿಂದ ನೀಲಿ ಬೆಳಕು ಬಿಟ್ಟು, ಮಾಲೀಕರು ಪ್ರೀತಿಯಿಂದ ಆರಿಸಿ ಹೊಡೆಸಿದ ಬಣ್ಣವನ್ನೇ ಮರೆಮಾಡುತ್ತಿದ್ದೆ.

ಅದನ್ನು ತಿದ್ದಿದ್ದು ಒಂದು ಹಳೆಯ ಜಾವಾ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಬೈಕುಗಳ ಪೈಕಿ ಒಂದನ್ನು, ಇಲ್ಲಿಯೇ ನೆಲೆಸಿರುವ ಧಾರವಾಡದ ಕಡೆಯ ಗೆಳೆಯರೊಬ್ಬರು ಬಿಚ್ಚಿ, ತೊಳೆದು, ಹೊಸದಾಗಿ ಬಣ್ಣ ಹೊಡೆಸಿದ್ದರು. ಕಡುಗೆಂಪು ಟ್ಯಾಂಕು, ಅದರ ಎರಡೂ ಬದಿಗೆ ಕ್ರೋಮ್, ನಡುವೆ ಕೂದಲೆಳೆಯಂಥ ಬಂಗಾರದ ಗೆರೆ. ಎಡಗಡೆಯಿಂದ ಗಾಢ ನೀಲಿ ಬೆಳಕು ಹಾಕಿ ತೆಗೆದ ಮೊದಲ ಚಿತ್ರದಲ್ಲಿ ಕ್ರೋಮ್ ನೀಲಿಯಾಗಿ ಹೊಳೆಯುತ್ತಿತ್ತು, ಆದರೆ ಟ್ಯಾಂಕಿನ ಕೆಂಪು ಮಾತ್ರ ಇದ್ದಿಲಿನಂತೆ ಕಪ್ಪಾಗಿತ್ತು. ಗೆಳೆಯರು ಕ್ಯಾಮೆರಾ ಪರದೆಯನ್ನು ಬಹಳ ಹೊತ್ತು ನೋಡಿ, "ಇದು ನಮ್ಮ ಗಾಡಿ ಅನ್ನಿಸುತ್ತಿಲ್ಲ" ಎಂದರು. ಅವರ ಮಾತು ಸರಿಯಾಗಿಯೇ ಇತ್ತು.

ಕಾರಣ ಸರಳ. ಕೆಂಪು ಬಣ್ಣ ಕೆಂಪು ಬೆಳಕನ್ನಷ್ಟೇ ಹಿಂದಕ್ಕೆ ಕೊಡುತ್ತದೆ; ಅದರ ಮೇಲೆ ಬರೀ ನೀಲಿ ಬಿದ್ದರೆ ಹಿಂತಿರುಗಿಸಲು ಏನೂ ಉಳಿಯುವುದಿಲ್ಲ. ಆದರೆ ಬಣ್ಣದ ಮೇಲಿರುವ ಪಾರದರ್ಶಕ ಕ್ಲಿಯರ್ ಕೋಟ್ ಕನ್ನಡಿಯ ಹಾಗೆ ವರ್ತಿಸುತ್ತದೆ. ಅದರಲ್ಲಿ ಮೂಡುವ ಪ್ರತಿಬಿಂಬಕ್ಕೆ ಒಳಗಿನ ಬಣ್ಣದ ಹಂಗಿಲ್ಲ, ದೀಪದ ಬಣ್ಣವೇ ಅದರ ಬಣ್ಣ. ಹಾಗಾಗಿ ಗಾಡಿಯ ಮೈಯನ್ನು ಬಿಳಿ ಬೆಳಕು ತೋರಿಸಬೇಕು, ಬಣ್ಣದ ಬೆಳಕು ಅಂಚಿನ ಪ್ರತಿಬಿಂಬದಲ್ಲಿ ಮಾತ್ರ ಕಾಣಬೇಕು ಎಂಬ ತೀರ್ಮಾನಕ್ಕೆ ಬಂದೆ. ಅದೇ ಸಂಜೆ ಒಂದು ಟ್ಯೂಬನ್ನು 5600 ಕೆಲ್ವಿನ್‌ಗಿಟ್ಟು ಟ್ಯಾಂಕಿನ ಮೇಲೆ, ಅದರ ಉದ್ದಕ್ಕೂ ಸಮಾನಾಂತರವಾಗಿ ಹಿಡಿದೆ. ಇನ್ನೊಂದನ್ನು ನೀಲಿಯಾಗಿಸಿ ಹಿಂಬದಿಯಲ್ಲಿ, ನೆಲಕ್ಕೆ ಹತ್ತಿರವಾಗಿ ಮಲಗಿಸಿದೆ. ಕೆಂಪು ಕೆಂಪಾಗಿಯೇ ಉಳಿಯಿತು, ಬಂಗಾರದ ಗೆರೆ ಎದ್ದು ಬಂತು, ಟ್ಯಾಂಕಿನ ಕೆಳ ಅಂಚಿನಲ್ಲಿ ಮಾತ್ರ ನೀಲಿಯ ತೆಳು ಗೆರೆಯೊಂದು ಹರಿಯಿತು. ಆ ಚಿತ್ರ ಈಗ ಅವರ ಹಜಾರದ ಗೋಡೆಯ ಮೇಲಿದೆ.

ಕಪ್ಪು ಕಾರಿಗೆ ಈ ಮಾತು ಇನ್ನೂ ಹೆಚ್ಚು ಒಪ್ಪುತ್ತದೆ, ಏಕೆಂದರೆ ಕಪ್ಪು ಕಾರಿನ ಚಿತ್ರವೆಂದರೆ ಹೆಚ್ಚುಕಡಿಮೆ ಪ್ರತಿಬಿಂಬಗಳದೇ ಚಿತ್ರ. ಇಲ್ಲಿ ಟ್ಯೂಬಿನ ಆಕಾರ ನಿಜಕ್ಕೂ ನೆರವಾಗುತ್ತದೆ: ಉದ್ದನೆಯ ದೀಪ ಉದ್ದನೆಯ, ಕಡಿಯದ ಗೆರೆಯಾಗಿ ಬಾನೆಟ್ಟಿನ ಮಡಿಕೆಯನ್ನು ಅನುಸರಿಸುತ್ತದೆ. ಕತ್ತಲಲ್ಲಿ ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಐಎಸ್‌ಒ 100, ಎಫ್/8, ಹದಿನೈದು ಸೆಕೆಂಡುಗಳ ಎಕ್ಸ್‌ಪೋಶರ್‌ನಲ್ಲಿ, ಕಪ್ಪು ಬಟ್ಟೆ ಹಾಕಿಕೊಂಡು ಟ್ಯೂಬ್ ಹಿಡಿದು ಕಾರಿನ ಉದ್ದಕ್ಕೂ ಒಂದೇ ವೇಗದಲ್ಲಿ ನಡೆದರೆ, ಎರಡು ಅಡಿಯ ದೀಪ ಹನ್ನೆರಡು ಅಡಿಯ ದೀಪದಂತೆ ಕೆಲಸ ಮಾಡುತ್ತದೆ. ನಡಿಗೆ ತಡೆದರೆ ಆ ಜಾಗದಲ್ಲಿ ಬೆಳಕಿನ ಗಂಟು ಬೀಳುತ್ತದೆ. ಇದು ಕೈಗೆ ಹತ್ತಲು ನನಗೆ ಐದಾರು ರಾತ್ರಿಗಳೇ ಬೇಕಾದವು.

ಬಣ್ಣದ ದೀಪವನ್ನೇ ಹಚ್ಚದೆ ಬಣ್ಣ ತರುವ ಉಪಾಯವೊಂದನ್ನು ಈಗ ಎಲ್ಲಕ್ಕಿಂತ ಹೆಚ್ಚಾಗಿ ಬಳಸುತ್ತೇನೆ. ಖಡಕ್‌ವಾಸ್ಲಾ ಹಿನ್ನೀರಿನ ದಡದಲ್ಲಿ ಸೂರ್ಯ ಮುಳುಗಿದ ಮೇಲೆ ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು (ಯಾವ ಬೆಳಕನ್ನು ಬಿಳಿಯೆಂದು ಎಣಿಸಬೇಕೆಂಬ ಹೊಂದಿಕೆಯನ್ನು) 3200 ಕೆಲ್ವಿನ್‌ಗೆ ಇಳಿಸಿದರೆ ಆಕಾಶವೂ ನೀರೂ ತಾವಾಗಿಯೇ ಕಡುನೀಲಿಯಾಗುತ್ತವೆ. ಟ್ಯೂಬನ್ನೂ 3200ಕ್ಕೇ ಇಟ್ಟು ಗಾಡಿಯ ಮೇಲೆ ಹಾಯಿಸಿದರೆ ಗಾಡಿ ಮಾತ್ರ ತನ್ನ ನಿಜವಾದ ಬಣ್ಣದಲ್ಲಿ ನಿಲ್ಲುತ್ತದೆ. ಮೊದಲು ಇದಕ್ಕಾಗಿ ಫ್ಲ್ಯಾಶಿಗೆ ಕಿತ್ತಳೆ ಜೆಲ್ (ಪಾರದರ್ಶಕ ಬಣ್ಣದ ಹಾಳೆ) ಅಂಟಿಸಿಕೊಳ್ಳುತ್ತಿದ್ದೆ. ಈಗ ಒಂದು ಗುಂಡಿ ತಿರುಗಿಸಿದರೆ ಸಾಕು.

ಗಾಢತೆಯ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಸಾಮಾನ್ಯ ಕ್ಯಾಮೆರಾ ಸೆನ್ಸರಿನಲ್ಲಿ ಪ್ರತಿ ನಾಲ್ಕು ಬಿಂದುಗಳಲ್ಲಿ ಎರಡು ಹಸಿರಿಗೆ, ಒಂದು ಕೆಂಪಿಗೆ, ಒಂದು ನೀಲಿಗೆ ಮೀಸಲು. ಬರೀ ಕೆಂಪು ಬೆಳಕಲ್ಲಿ ತೆಗೆದ ಚಿತ್ರಕ್ಕೆ ವಿವರ ಸಿಗುವುದು ಹೆಚ್ಚಾಗಿ ಆ ಕಾಲು ಭಾಗದಿಂದಲೇ ಆದ್ದರಿಂದ ಚಿತ್ರ ಮಬ್ಬಾಗಿ, ಕಾಳುಕಾಳಾಗಿ ಕಾಣುತ್ತದೆ. ಒಟ್ಟು ಹಿಸ್ಟೋಗ್ರಾಮ್ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನೆಮ್ಮದಿಯಾಗಿರುವಾಗಲೇ ಕೆಂಪು ಚಾನೆಲ್ ಉಕ್ಕಿಹೋಗಿರುತ್ತದೆ. ಮೂರೂ ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ನೋಡಬೇಕು. ನಾನೀಗ ಗಾಢತೆಯನ್ನು ಶೇಕಡಾ 60ರಿಂದ 70ಕ್ಕಿಂತ ಮೇಲೆ ಏರಿಸುವುದಿಲ್ಲ.

ಇನ್ನು ತಕರಾರುಗಳು. ಪೂರ್ಣ ಪ್ರಖರತೆಯಲ್ಲಿ ಮೊದಲು ಎರಡು ಗಂಟೆ ಉರಿಯುತ್ತಿದ್ದ ಬ್ಯಾಟರಿ ಈಗ ಒಂದು ಗಂಟೆ ಹತ್ತು ನಿಮಿಷಕ್ಕೆ ಕೈಕೊಡುತ್ತದೆ, ಅದನ್ನು ಬದಲಿಸುವ ದಾರಿಯೂ ಇಲ್ಲ. ಎರಡನೆಯ ಮಳೆಗಾಲದಲ್ಲಿ ಒಂದು ಟ್ಯೂಬಿನ ಚಾರ್ಜಿಂಗ್ ಕಿಂಡಿ ಸಡಿಲವಾಯಿತು. ಮುಂಬೈಯ ಸೇವಾ ಕೇಂದ್ರದವರು ಐದು ವಾರ ಇಟ್ಟುಕೊಂಡು, ನಾನು ಎರಡು ಬಾರಿ ಫೋನ್ ಮಾಡಿ ವಿಚಾರಿಸಿದ ಮೇಲೆ ಹಿಂದಿರುಗಿಸಿದರು. ಅಲ್ಲಿಂದ ಬಂದ ಮೇಲೆ ಎರಡೂ ಟ್ಯೂಬ್‌ಗಳ ಬಿಳುಪು ಒಂದೇ ಆಗಿ ಉಳಿದಿಲ್ಲ, ಒಂದು ತುಸು ಹಸಿರಿಗೆ ವಾಲುತ್ತದೆ. ಹಸಿರು-ಮೆಜೆಂಟಾ ಹೊಂದಾಣಿಕೆಯ ಸೌಲಭ್ಯ ಇರುವುದರಿಂದ ಕೆಲಸ ನಿಂತಿಲ್ಲ, ಆದರೆ ಬಿಳಿ ಕಾರಿನ ಚಿತ್ರ ತೆಗೆಯುವಾಗಲೆಲ್ಲ ಮೊದಲು ಬಣ್ಣ ತಾಳೆ ನೋಡುವ ಬೂದು ಕಾರ್ಡ್ ಹಿಡಿದು ನೋಡಬೇಕಾಗುತ್ತದೆ. ತುದಿಗಳಲ್ಲಿರುವ ಅಯಸ್ಕಾಂತವನ್ನು ಯಾರ ಗಾಡಿಗೂ ನೇರವಾಗಿ ಅಂಟಿಸಬೇಡಿ. ಗ್ಯಾರೇಜಿನ ಕಬ್ಬಿಣದ ಪುಡಿಯನ್ನು ಅದು ಸೆಳೆದುಕೊಂಡಿರುತ್ತದೆ, ಕ್ಲಿಯರ್ ಕೋಟ್ ಮೇಲೆ ಕೂದಲೆಳೆಯಷ್ಟು ಗೀರು ಬಿದ್ದರೂ ಅದು ಕಾಣದೆ ಇರುವುದಿಲ್ಲ. ನನ್ನದೇ ಕಾರಿನ ಛಾವಣಿಯ ಮೇಲೆ ಅಂಥದ್ದೊಂದು ಗೀರಿದೆ.

ಇಷ್ಟಾದರೂ ಇದೇ ಬಗೆಯ ದೀಪವನ್ನು ಮತ್ತೆ ಕೊಳ್ಳುತ್ತೇನೆ, ಆದರೆ ಬ್ಯಾಟರಿ ಬದಲಿಸಲು ಬರುವಂಥದ್ದನ್ನು. ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಿ: ದೀಪದ ಪ್ರಖರತೆಯನ್ನು ಶೇಕಡಾ 10ಕ್ಕೆ ಇಳಿಸಿ, ಫೋನಿನ ಕ್ಯಾಮೆರಾದ ಶಟರ್ ವೇಗವನ್ನು 1/2000 ಸೆಕೆಂಡಿಗಿಟ್ಟು, ಆ ಬೆಳಕು ಬಿದ್ದ ಬಿಳಿ ಗೋಡೆಯ ಚಿತ್ರ ತೆಗೆಯಿರಿ. ಗೋಡೆಯ ಮೇಲೆ ಕಪ್ಪು ಪಟ್ಟಿಗಳು ಮೂಡಿದರೆ ಆ ದೀಪ ಮಿನುಗುತ್ತಿದೆ ಎಂದರ್ಥ. ಟ್ರೈಪಾಡಿನ ಮೇಲೆ ದೀರ್ಘ ಎಕ್ಸ್‌ಪೋಶರ್‌ಗೆ ಅದು ನಡೆದೀತು, ಓಡುವ ಬೈಕಿನ ಚಿತ್ರಕ್ಕೂ ವಿಡಿಯೋಗೂ ಅದು ಆಗದು.