ಮೂರು ವರ್ಷ ಒಂದೇ ಹೊಲದ ಕಾಳು ತಿಂದ ಮೇಲೆ

ನಾವಿರುವುದು ಕೊಪ್ಪಳದಲ್ಲಿ. ಮನೆಯಲ್ಲಿ ನಾಲ್ಕು ಜನ: ನಾನು, ನಮ್ಮ ಯಜಮಾನರು, ಅತ್ತೆ, ಎಂಟನೇ ಕ್ಲಾಸಿನ ಮಗ. 2022ರ ಮುಂಗಾರಿನಿಂದ ಕುಷ್ಟಗಿ ಕಡೆಯ ಒಂದು ರೈತ ಕುಟುಂಬದಿಂದ ಜೋಳ, ಸಜ್ಜೆ, ನವಣೆ, ತೊಗರಿ ಬೇಳೆ, ಶೇಂಗಾ ನೇರವಾಗಿ ತರಿಸಿಕೊಳ್ಳುತ್ತಿದ್ದೇವೆ. ಅವರ ಹೆಸರು ಬರೆಯುವುದಿಲ್ಲ. ಬೇಡ ಅಂತ ಅವರೇ ಹೇಳಿದ್ದಾರೆ. ಇರುವುದು ಆರು ಎಕರೆ, ಈಗಿರುವ ಮನೆಗಳಿಗೇ ಸಾಲುತ್ತಿಲ್ಲ. ಹಾಗಾಗಿ ಇದು ಜಾಹೀರಾತಲ್ಲ. ಇಂಥದಕ್ಕೆ ಸೇರಬೇಕು ಅಂತ ಯೋಚಿಸುತ್ತಿರುವವರು ಮೊದಲೇ ತಿಳಿದುಕೊಂಡಿದ್ದರೆ ಒಳ್ಳೆಯದು ಅಂತ ಬರೆಯುತ್ತಿದ್ದೇನೆ.

ವ್ಯವಹಾರ ಹೀಗೆ. ಜೂನ್ ಹೊತ್ತಿಗೆ ಹತ್ತು ಸಾವಿರ ಮುಂಗಡ ಕೊಡಬೇಕು. ಬಿತ್ತನೆ ಖರ್ಚಿಗೆ ಅವರಿಗೆ ಅದು ಆಗುತ್ತದೆ. ಆಮೇಲೆ ತಿಂಗಳ ಎರಡನೇ ಭಾನುವಾರ ಅವರ ಮಗ ಬೈಕಿಗೆ ಚೀಲ ಕಟ್ಟಿಕೊಂಡು ಬರುತ್ತಾನೆ. ಏನಿದೆ, ಏನಿಲ್ಲ ಅಂತ ಎರಡು ದಿನ ಮೊದಲು ವಾಟ್ಸಾಪ್‌ನಲ್ಲಿ ಹಾಕುತ್ತಾರೆ. ತಗೊಂಡಷ್ಟಕ್ಕೆ ಮುಂಗಡದಲ್ಲಿ ಕಡಿತ. ಲೆಕ್ಕ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿದೆ. ಇಲ್ಲಿಯವರೆಗೆ ಒಂದು ರೂಪಾಯಿ ಹೆಚ್ಚುಕಮ್ಮಿ ಆಗಿಲ್ಲ.

ನಾನು ಇದಕ್ಕೆ ಬಿದ್ದದ್ದು ಒಂದು ಬಿಸ್ಕೆಟ್ ಪ್ಯಾಕೆಟ್ ಕಾರಣಕ್ಕೆ. ಮಗನ ಟಿಫಿನ್‌ಗೆ ಅಂತ ನವಣೆ ಬಿಸ್ಕೆಟ್ ತಂದಿದ್ದೆ. ಪ್ಯಾಕೆಟ್ ಮೇಲೆ ಇಷ್ಟುದ್ದ ನವಣೆ ತೆನೆಯ ಚಿತ್ರ. ಹಿಂದೆ ತಿರುಗಿಸಿ ಓದಿದರೆ ಮೊದಲು ಮೈದಾ, ಆಮೇಲೆ ಸಕ್ಕರೆ, ಪಾಮ್ ಎಣ್ಣೆ, ಇನ್ವರ್ಟ್ ಸಿರಪ್. ನವಣೆ ಐದನೆಯದು! ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು, ಪ್ಯಾಕೆಟ್ ಮೇಲೆ ಯಾವುದು ತೂಕದಲ್ಲಿ ಜಾಸ್ತಿಯೋ ಅದನ್ನೇ ಮೊದಲು ಬರೆಯಬೇಕು ಎನ್ನುವ ನಿಯಮ ನನಗೆ ಗೊತ್ತಿತ್ತು. ಗೊತ್ತಿದ್ದೂ ವರ್ಷಗಟ್ಟಲೆ ಚಿತ್ರ ನೋಡಿ ತಂದಿದ್ದೆ. ಕೊನೆಯಲ್ಲಿ ಐಎನ್‌ಎಸ್ 500, 503, 322 ಅಂತ ಸೇರಿಸಿದ ವಸ್ತುಗಳ ನಂಬರ್ ಇರುತ್ತವಲ್ಲ, ಅವುಗಳಿಗೆ ಹೆದರಬೇಕಿಲ್ಲ. 500 ನಮ್ಮ ಅಡಿಗೆ ಸೋಡಾ. 322 ಲೆಸಿಥಿನ್, ಎಣ್ಣೆ ನೀರು ಬೇರೆಯಾಗದಂತೆ ಹಿಡಿದಿಡುವ ವಸ್ತು. ನನಗೆ ಸಿಟ್ಟು ಬಂದದ್ದು ನಂಬರ್‌ಗಳ ಮೇಲಲ್ಲ, ಆ ತೆನೆಯ ಚಿತ್ರದ ಮೇಲೆ.

ಈಗ ಜೋಳ. ಇದಕ್ಕೆ ಕಣ್ಣು ಮುಚ್ಚಿ ಐದಕ್ಕೆ ಐದು ಕೊಡುತ್ತೇನೆ. ಹಿಂಗಾರಿಯ ಬಿಳಿ ಜೋಳ, ಮಾಲದಂಡಿ ತಳಿ. ಮೊದಲು ನಾವು ತರುತ್ತಿದ್ದದ್ದು ಪ್ಯಾಕೆಟ್ ಜೋಳದ ಹಿಟ್ಟು. ಅದರಲ್ಲಿ ಒಂದು ಹುಳ ಕಂಡಿದ್ದಿಲ್ಲ, ಆದರೆ ರೊಟ್ಟಿ ಬಡಿಯುವಾಗ ಅಂಚೆಲ್ಲ ಸೀಳುತ್ತಿತ್ತು. ಎಸರು ಹಾಕಿ ಎಷ್ಟು ನಾದಿದರೂ ಅಷ್ಟೇ. ಅತ್ತೆಗೆ ತಮ್ಮ ಕೈಯೇ ಹೋಯಿತೇನೋ ಅನ್ನುವ ಅನುಮಾನ ಬಂದಿತ್ತು ಪಾಪ. ಹೊಲದ ಜೋಳ ಬಂದ ಮೊದಲ ವಾರ ಅವರು ಹಿಟ್ಟನ್ನು ಬೆರಳ ತುದಿಯಲ್ಲಿ ತಿಕ್ಕಿ ನೋಡಿ, "ಇದಕ್ಕ ಜಿಗಿ ಐತಿ ನೋಡು" ಅಂದರು. ರೊಟ್ಟಿ ತವೆಯಷ್ಟು ಅಗಲ ಆಯಿತು, ಬಿರಿಯಲಿಲ್ಲ, ಉಬ್ಬಿ ಕೂತಿತು. ಕಾರಣ ದೊಡ್ಡದೇನಲ್ಲ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಅಂಟು ಇರುವುದಿಲ್ಲ. ಬೀಸಿ ಬಹಳ ದಿನ ಆದರೆ ಇದ್ದಷ್ಟು ಜಿಗಿಯೂ ಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ಗಿರಣಿಗೆ ಹೋಗುವ ಮನೆಯ ರೊಟ್ಟಿಯೇ ಬೇರೆ.

ದರ ಹೇಳಿಬಿಡುತ್ತೇನೆ. 2024-25ರಲ್ಲಿ ಮಾಲದಂಡಿ ಜೋಳಕ್ಕೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 3,421 ರೂಪಾಯಿ ಇತ್ತು, ಅಂದರೆ ಕೆಜಿಗೆ 34 ಚಿಲ್ಲರೆ. ನಾವು ಕೊಟ್ಟದ್ದು 55. ಪ್ಯಾಕೆಟ್ ಹಿಟ್ಟಿಗೂ ಹೆಚ್ಚುಕಡಿಮೆ ಅಷ್ಟೇ ಕೊಡುತ್ತಿದ್ದೆವು. ಬೀಸುವ ಕೂಲಿ ಮೇಲೆ ಬೀಳುತ್ತದೆ, ಅಷ್ಟೇ.

ಸಜ್ಜೆಯದು ಬೇರೆ ಕಥೆ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡಿದ ಖುಷಿಯಲ್ಲಿ ಐದು ಕೆಜಿ ಒಮ್ಮೆಲೇ ಬೀಸಿಸಿ ತಂದೆ. ವಾರ ಕಳೆದ ಮೇಲೆ ಡಬ್ಬಿ ತೆಗೆದರೆ ಹಳೇ ಎಣ್ಣೆಯಂಥ ವಾಸನೆ. ಬಾಯಿಗೆ ಕಹಿ. ಸಜ್ಜೆಯ ಮೊಳಕೆ ಭಾಗದಲ್ಲಿ ಕೊಬ್ಬು ಜಾಸ್ತಿ, ಬೀಸಿದ ತಕ್ಷಣ ಅದು ಕೆಡಲು ಶುರುವಾಗುತ್ತದೆ. ಅತ್ತೆಗೆ ಇದು ಗೊತ್ತಿತ್ತು. ನಾನು ಕೇಳಿರಲಿಲ್ಲ. ಮೂರೂವರೆ ಕೆಜಿ ಹಿಟ್ಟು ಪಕ್ಕದ ಮನೆಯ ಎಮ್ಮೆಗೆ ಹೋಯಿತು. ಈಗ ಒಂದು ಕೆಜಿ ಮೇಲೆ ಬೀಸಿಸುವುದಿಲ್ಲ.

ಈ ಕೆಡುವ ವಿಷಯ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಫ್ಯಾಕ್ಟರಿಯವರು ಮಾಡುವುದೇ ಇದಕ್ಕೆ ಉಪಾಯ. ಗೋಧಿಯಿಂದ ತೌಡು, ಮೊಳಕೆ ಎರಡೂ ತೆಗೆದರೆ ಮೈದಾ ಆಗುತ್ತದೆ, ತಿಂಗಳುಗಟ್ಟಲೆ ಇರುತ್ತದೆ. ರಿಫೈನ್ಡ್ ಎಣ್ಣೆಯೂ ಹಾಗೇ. ಹಲವು ಕಡೆ ಹೆಕ್ಸೇನ್ ಎಂಬ ದ್ರಾವಕ ಹಾಕಿ ಕಾಳಿನ ಎಣ್ಣೆ ಪೂರ್ತಿ ಸೆಳೆಯುತ್ತಾರೆ. ಆಮೇಲೆ ಅಂಟು ತೆಗೆದು, ಬಣ್ಣ ತೆಗೆದು, 200 ಡಿಗ್ರಿಗಿಂತ ಜಾಸ್ತಿ ಬಿಸಿಯ ಹಬೆ ಹಾಯಿಸಿ ವಾಸನೆಯನ್ನೂ ತೆಗೆಯುತ್ತಾರೆ. ಕೆಡುವ ಭಾಗ ತೆಗೆದದ್ದು ಕಪಾಟಿನಲ್ಲಿ ಚೆನ್ನಾಗಿ ಉಳಿಯುತ್ತದೆ. ಹಾಗಂತ ಬಾಳಿಕೆ ಬರುವುದೆಲ್ಲ ಕೆಟ್ಟದ್ದು ಅಂತಲ್ಲ. ನಮ್ಮ ಖಡಕ್ ರೊಟ್ಟಿಯೂ ತಿಂಗಳುಗಟ್ಟಲೆ ಇರುತ್ತದೆ, ಅದರಲ್ಲಿ ತೆಗೆದದ್ದು ನೀರು ಮಾತ್ರ. ನಮ್ಮೂರ ಗವಿಮಠದ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಯಿಂದ ಗಾಡಿ, ಟ್ರ್ಯಾಕ್ಟರ್ ತುಂಬಿ ಬರುವ ರೊಟ್ಟಿಗೆ ಯಾವ ಐಎನ್‌ಎಸ್ ನಂಬರ್ ಇದೆ ಹೇಳಿ?

ಹೊಲದ ಕಾಳು ಕೆಡದಂತೆ ನೋಡಿಕೊಳ್ಳುವವರು ಯಾರು ಅನ್ನುವುದು ಮುಂದಿನ ಪ್ರಶ್ನೆ. ನಮ್ಮ ಮನೆಯಲ್ಲಿ ನಾನು. ಇದನ್ನು ಯಾವ ಸಾವಯವ ಭಾಷಣದಲ್ಲೂ ಹೇಳುವುದಿಲ್ಲ. ತೊಗರಿ ಬೇಳೆ ಕೆಮ್ಮಣ್ಣು ಹಚ್ಚಿ ಒಡೆದದ್ದು, ತೊಳೆದಷ್ಟೂ ಕೆಂಪು ನೀರು ಬಿಡುತ್ತದೆ, ಮಧ್ಯೆ ಕಲ್ಲು. ಜೋಳ ಕೇರಬೇಕು, ಹಸನು ಮಾಡಬೇಕು. ಮಳೆಗಾಲ ಬಂತೆಂದರೆ ನುಸಿ. ಬಿಸಿಲು ಬಿದ್ದ ದಿನ ಮಾಳಿಗೆಗೆ ಹೊತ್ತು ಹಾಕಿ ಮತ್ತೆ ಇಳಿಸಿ ಬೇವಿನ ಎಲೆ ಹಾಕಿ ಡಬ್ಬಿ ತುಂಬಬೇಕು. ಮೊದಲ ವರ್ಷ ಒಂದು ತಿಂಗಳು ಸುಮ್ನೆ ಲೆಕ್ಕ ಬರೆದಿಟ್ಟೆ. ಹನ್ನೊಂದು ಗಂಟೆ! ಶಾಲೆ, ಅಡಿಗೆ ಎಲ್ಲ ಮುಗಿದ ಮೇಲಿನ ಹನ್ನೊಂದು ಗಂಟೆ. ಪ್ಯಾಕೆಟ್ ಕಂಪನಿಗಳು ನಮಗೆ ಮಾರಿದ್ದು ಹಿಟ್ಟಲ್ಲ, ಈ ಹನ್ನೊಂದು ಗಂಟೆ ಅಂತ ಆಗ ಅರ್ಥವಾಯಿತು.

ಹಸನು ಮಾಡಿ ಕೊಟ್ಟರೆ ಕೆಜಿಗೆ ಐದು ರೂಪಾಯಿ ಜಾಸ್ತಿ ಕೊಡುತ್ತೇನೆ ಅಂತ ರೈತರ ಮನೆಯಾಕೆಗೆ ಫೋನ್ ಮಾಡಿದೆ. ಅವರು ನಕ್ಕು, "ನಮ್ಮನ್ಯಾಗೂ ನಾ ಒಬ್ಬಾಕಿನ ಅದೀನ್ರಿ ಅಕ್ಕಾರ" ಅಂದರು. ಫೋನ್ ಇಟ್ಟ ಮೇಲೆ ನಾಚಿಕೆ ಆಯಿತು. ಆ ವಾರದಿಂದ ಗಿರಣಿ ಕೆಲಸ ಯಜಮಾನರದು, ಮಾಳಿಗೆಗೆ ಹೊರುವುದು ಮಗನದು. ಮೊದಲ ಸಲ ಅಪ್ಪ ಮಗ ಇಬ್ಬರೂ ಗೊಣಗಿದರು. ಈಗಲೂ ಗೊಣಗುತ್ತಾರೆ, ಆದರೆ ಮಾಡುತ್ತಾರೆ.

ಇನ್ನು ನಂಬಿಕೆಯ ಮಾತು. ಇವರ ಹತ್ತಿರ ಯಾವ ಸರ್ಟಿಫಿಕೇಟೂ ಇಲ್ಲ. ರೈತರೇ ಗುಂಪು ಕಟ್ಟಿಕೊಂಡು ಒಬ್ಬರ ಹೊಲವನ್ನೊಬ್ಬರು ನೋಡಿ ಒಪ್ಪುವ ಪಿಜಿಎಸ್ ಎಂಬ ಪದ್ಧತಿ ಇದೆ, ಅದಕ್ಕೂ ಸೇರಿಲ್ಲ. ಸಾವಯವ ಅನ್ನುವ ಪದವನ್ನೇ ಅವರು ಬಳಸುವುದಿಲ್ಲ. "ಎಣ್ಣಿ ಹೊಡಿಯಂಗಿಲ್ರಿ, ಸರ್ಕಾರಿ ಗೊಬ್ಬರ ಹಾಕಂಗಿಲ್ರಿ" ಅನ್ನುತ್ತಾರೆ, ಮುಗಿಯಿತು. ಎಣ್ಣಿ ಅಂದರೆ ಇಲ್ಲಿ ಕೀಟನಾಶಕ, ಸರ್ಕಾರಿ ಗೊಬ್ಬರ ಅಂದರೆ ರಾಸಾಯನಿಕ ಗೊಬ್ಬರ. ನೋಡಿಯೇ ನಂಬೋಣ ಅಂತ 2024ರ ಡಿಸೆಂಬರ್ ಕೊನೆಗೆ ಬಂದ ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಹೊಲಕ್ಕೆ ನೈವೇದ್ಯ ಎರಚಲು, ಅವರು ಕರೆದಾಗ ಮನೆಮಂದಿಯೆಲ್ಲ ಹೋದೆವು.

ಹೊಲ ಅರ್ಧ ಎರೆಯ ಕಪ್ಪು ಮಣ್ಣು, ಅರ್ಧ ಮಸಾರಿಯ ಕೆಂಪು ಮಣ್ಣು. ಬೇವಿನ ಮರದ ಕೆಳಗೆ ನೀಲಿ ಡ್ರಮ್. ಅದರಲ್ಲಿ ಜೀವಾಮೃತ: 200 ಲೀಟರ್ ನೀರಿಗೆ ಹತ್ತು ಕೆಜಿ ಸಗಣಿ, ಗಂಜಲ, ಎರಡು ಕೆಜಿ ಬೆಲ್ಲ, ಎರಡು ಕೆಜಿ ಕಡಲೆ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ವಾಸನೆ ಅಂಥ ಕೆಟ್ಟದ್ದೇನಲ್ಲ, ಹುಳಿ ಬಂದ ಹಿಟ್ಟಿನ ಹಾಗೆ. ಆದರೆ ನನಗೆ ಡ್ರಮ್ಮಿಗಿಂತ ಹೆಚ್ಚು ನಂಬಿಕೆ ಬಂದದ್ದು ಕುರಿಯ ಹಿಕ್ಕೆ ನೋಡಿ. ಬಿತ್ತನೆಗೆ ಮೊದಲು ಕುರುಬರ ಹಿಂಡನ್ನು ಹೊಲದಲ್ಲಿ ತರುಬಿಸುತ್ತಾರೆ. ರಾತ್ರಿಯೆಲ್ಲ ಕುರಿ ಅಲ್ಲೇ ಮಲಗುತ್ತವೆ, ಹಿಕ್ಕೆ, ಉಚ್ಚೆ ಎಲ್ಲ ಹೊಲಕ್ಕೆ. ಕುರುಬರಿಗೆ ಕಾಳು, ಕಾಸು. ನಮ್ಮ ಸೀಮೆಯಲ್ಲಿ ಇದು ಅಜ್ಜನ ಕಾಲದ ರೂಢಿ. ಮುಂಗಾರಿಯ ಸಜ್ಜೆ ಕೊಯ್ದ ಜಾಗದಲ್ಲಿ ತೊಗರಿ ಸಾಲು ನಿಂತಿದ್ದವು, ಕೆಳಗೆ ಉದುರಿದ ಎಲೆಯ ಹಾಸು. ತೊಗರಿ ಬೇರು ಆಳಕ್ಕೆ ಇಳಿದು ಮಣ್ಣು ಸಡಿಲಿಸುತ್ತದೆ, ಬೇರಿನ ಗಂಟುಗಳಲ್ಲಿ ಸಾರಜನಕ ಕೂಡಿಡುತ್ತದೆ. ಇದನ್ನೇ ಶಾಲೆಯಲ್ಲಿ ಹಲಗೆ ಮೇಲೆ ಹದಿನಾಲ್ಕು ವರ್ಷ ಬರೆದಿದ್ದೇನೆ. ಬೇರು ಕಿತ್ತು ಆ ಗಂಟು ಕೈಯಲ್ಲಿ ಹಿಡಿದು ನೋಡಿದ್ದು ಅವತ್ತೇ.

ಹೊಲದಲ್ಲಿ ನಿಂತೇ ರೈತ ಅಣ್ಣಾರು ಒಂದು ಮಾತು ಹೇಳಿದರು. ಆ ವರ್ಷ ತೊಗರಿಗೆ ಕಾಯಿಕೊರಕ ಬಿದ್ದಿತ್ತು. ಬೇವಿನ ಬೀಜದ ಕಷಾಯ, ಗಿಡ ಅಲುಗಾಡಿಸಿ ಹುಳ ಉದುರಿಸುವುದು ಎಲ್ಲ ಮಾಡಿದರೂ ನಿಲ್ಲಲಿಲ್ಲ. "ಒಂದ್ ಸಲ ಎಣ್ಣಿ ಹೊಡದೀನ್ರಿ. ಬ್ಯಾಡಂದ್ರ ಬ್ಯಾಳಿ ತಗೋಬ್ಯಾಡ್ರಿ." ನಮ್ಮ ಯಜಮಾನರ ಮುಖ ಸಣ್ಣದಾಯಿತು. ನಾನು ಬೇಳೆ ತಗೊಂಡೆ. ಅವರು ಹೇಳದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ ಅಲ್ವಾ? ಪಕ್ಕದ ಹತ್ತಿ ಹೊಲದಿಂದ ಗಾಳಿಗೆ ಏನು ಹಾರಿ ಬರುತ್ತದೋ, ಅದಕ್ಕೆ ಅವರೂ ಹೊಣೆಯಲ್ಲ. ಶುದ್ಧ ನೂರಕ್ಕೆ ನೂರು ಬೇಕು ಅನ್ನುವವರಿಗೆ ಈ ಏರ್ಪಾಡು ಆಗಿಬರುವುದಿಲ್ಲ.

ಬರಗಾಲದ ವರ್ಷವೂ ಇದರಲ್ಲಿ ಬಂತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ವಿಶ್ವಸಂಸ್ಥೆ ಅದೇ ವರ್ಷವನ್ನು ಸಿರಿಧಾನ್ಯ ವರ್ಷ ಅಂತ ಆಚರಿಸಿತ್ತು. ನಮ್ಮ ಪಾಲಿಗೆ ನವಣೆ ಸೊನ್ನೆ, ಶೇಂಗಾ ಹಿಡಿಯಷ್ಟು, ಜೋಳ ಅರ್ಧ. ಉಳಿದ ಮುಂಗಡ ವಾಪಸ್ ಕೊಡುತ್ತೇವೆ ಅಂದರು, ನಾವು ಮುಂದಿನ ವರ್ಷಕ್ಕೆ ಹಿಡಿದುಕೊಳ್ಳಿ ಅಂದೆವು. ಆ ಆರು ತಿಂಗಳು ಅಂಗಡಿ ಜೋಳವೇ ಗತಿ. ಅಂಗಡಿಯಲ್ಲಿ ಬರ ಇರಲಿಲ್ಲ, ಎಲ್ಲ ಪ್ಯಾಕೆಟ್ ಮಾಮೂಲಿ ಜಾಗದಲ್ಲೇ ಇದ್ದವು. ಒಂದು ಕಡೆ ಬೆಳೆ ಹೋದರೆ ಇನ್ನೊಂದು ಕಡೆಯದು ತರಿಸುವ ಶಕ್ತಿ ಅವರಿಗಿದೆ, ಅದನ್ನು ಹೀಗಳೆಯಲು ಆಗುವುದಿಲ್ಲ.

ಶೇಂಗಾ ಎಣ್ಣೆಗೆ ಮೂರೂವರೆ ಅಂಕ. ಒಂದು ಲೀಟರ್‌ಗೆ ಸುಮಾರು ಎರಡೂವರೆ ಕೆಜಿ ಬೀಜ ಬೇಕು, ಹಾಗಾಗಿ ಗಾಣದ ಎಣ್ಣೆ ನಮಗೆ 340ಕ್ಕೆ ಬೀಳುತ್ತದೆ. ಒಗ್ಗರಣೆಗೆ, ಗುರೆಳ್ಳು ಚಟ್ನಿ ಮೇಲೆ ಹಾಕಿಕೊಳ್ಳಲು ಅದರ ಮುಂದೆ ಇನ್ನೊಂದಿಲ್ಲ. ಮಿರ್ಚಿ ಕರಿಯಲು ಇಟ್ಟರೆ ನೊರೆ ಬರುತ್ತದೆ, ಜೇಬಿಗೂ ಆಗುವುದಿಲ್ಲ. ಮಿರ್ಚಿಗೆ ಈಗಲೂ ರಿಫೈನ್ಡ್ ತರುತ್ತೇನೆ. ಒಂದು ಎಚ್ಚರಿಕೆ: ಸರಿಯಾಗಿ ಒಣಗದ ಶೇಂಗಾಕ್ಕೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಬರುತ್ತದೆ, ಲಿವರ್‌ಗೆ ಕೆಟ್ಟದ್ದು. ನೈಸರ್ಗಿಕ ಕೃಷಿಯದಾದರೂ ಬೂಷ್ಟು ಬೂಷ್ಟೇ. ಬೀಜ ನೋಡದೆ ಗಾಣಕ್ಕೆ ಹಾಕಿಸಬೇಡಿ.

ಆರೋಗ್ಯ ಏನಾಯಿತು ಅಂತ ಎಲ್ಲರೂ ಕೇಳುತ್ತಾರೆ. ಯಜಮಾನರ ಸಕ್ಕರೆ ಕಾಯಿಲೆ ಹೋಗಿಲ್ಲ, ಮಾತ್ರೆ ನಡೆದೇ ಇದೆ. ರೊಟ್ಟಿ ಜಾಸ್ತಿ ತಿಂದರೆ ರೊಟ್ಟಿಯೂ ಸಕ್ಕರೆ ಏರಿಸುತ್ತದೆ. ವ್ಯತ್ಯಾಸ ಕಂಡದ್ದು ಮಗನಲ್ಲಿ. ನೂಡಲ್ಸ್ ಎರಡು ಪ್ಯಾಕೆಟ್ ಮುಗಿಸಿ ಮತ್ತೆ ಡಬ್ಬಿ ಹುಡುಕುವ ಹುಡುಗ, ಎರಡು ರೊಟ್ಟಿಗೆ ಸಾಕು ಅನ್ನುತ್ತಾನೆ. 2019ರಲ್ಲಿ ಅಮೆರಿಕದ ಎನ್‌ಐಎಚ್ ಎಂಬ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆಯ ವಿಜ್ಞಾನಿ ಕೆವಿನ್ ಹಾಲ್ ಅವರ ತಂಡ ಇದನ್ನೇ ಅಳೆದು ನೋಡಿತ್ತು. 20 ಜನರನ್ನು ಅಲ್ಲೇ ಇರಿಸಿಕೊಂಡು ಎರಡು ವಾರ ಅತಿಯಾಗಿ ಸಂಸ್ಕರಿಸಿದ ಆಹಾರ, ಎರಡು ವಾರ ಸಾದಾ ಆಹಾರ ಕೊಟ್ಟರು. ಸಕ್ಕರೆ, ಕೊಬ್ಬು, ಉಪ್ಪು ಎರಡಕ್ಕೂ ಸಮ ಇಟ್ಟಿದ್ದರು. ಬೇಕಾದಷ್ಟು ತಿನ್ನಿ ಅಂದಾಗ ಸಂಸ್ಕರಿಸಿದ್ದನ್ನು ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ಇಪ್ಪತ್ತೇ ಜನ, ನಿಜ. ಆದರೆ ನಮ್ಮ ಮನೆಯ ಇಪ್ಪತ್ತೊಂದನೆಯವನೂ ಹಾಗೇ ಇದ್ದಾನೆ.

ಪ್ಯಾಕೆಟ್ ಪೂರ್ತಿ ಬಿಟ್ಟಿಲ್ಲ. ಅಯೋಡಿನ್ ಉಪ್ಪು ಬಿಡುವ ಮಾತೇ ಇಲ್ಲ, ಗಳಗಂಡ ಬಾರದಂತೆ ಅದು ಬೇಕು. ನಂದಿನಿ ಹಾಲೂ ಪ್ಯಾಕೆಟ್ಟೇ. ನೂಡಲ್ಸ್ ತಿಂಗಳಿಗೆ ಎರಡು ಸಲ ಅಂತ ಮಗನ ಜೊತೆ ಒಪ್ಪಂದ, ಪರೀಕ್ಷೆ ತಿಂಗಳಲ್ಲಿ ಅದು ಮೂರಾಗುತ್ತದೆ.

ಈ ಜೂನ್‌ನಲ್ಲಿ ಮತ್ತೆ ಮುಂಗಡ ಕೊಟ್ಟಿದ್ದೇವೆ, ಈ ಸಲ ಹನ್ನೆರಡು ಸಾವಿರ. ನವಣೆ ಕಮ್ಮಿ ಮಾಡಿಸಿದೆ, ಮನೆಯಲ್ಲಿ ನನ್ನೊಬ್ಬಳಿಗೇ ಸೇರುವುದು. ಬೇಳೆಗೆ ಅಂಕ ಎರಡೇ, ಕಲ್ಲಿನ ದೆಸೆಯಿಂದ. ಯಜಮಾನರ ಒಂದು ಹಲ್ಲಿನ ತುದಿ ಹೋಗಿದೆ. ಹೊಸ ಸಾಣಿಗೆ ತಂದಿಟ್ಟಿದ್ದೇನೆ.