ಬೋರ್ಡಿನ ಸೌಂಡಾ, ಯುಎಸ್‌ಬಿ ಕಾರ್ಡಾ?

ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ಒಂದು ಹಳೆಯ ಡೆಸ್ಕ್‌ಟಾಪ್ ಇದೆ. ಅದಕ್ಕೆ ಲಿನಕ್ಸ್ ಮಿಂಟ್ 22 ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ಅವ್ವನ ಬೀಸುಕಲ್ಲಿನ ಪದಗಳನ್ನು ಅದರಲ್ಲೇ ರೆಕಾರ್ಡ್ ಮಾಡಬೇಕು ಅನ್ನೋದು ನನ್ನ ಆಸೆ. ಎಲ್ಲ ಸರಿಯಾಗಿ ಕೂತಿತು, ಸದ್ದು ಮಾತ್ರ ಇಲ್ಲ.

ಮದರ್‌ಬೋರ್ಡಿನಲ್ಲೇ ಇರುವ ಸೌಂಡ್ ಕಾರ್ಡ್‌ಗೆ ಡ್ರೈವರ್ (ಅದನ್ನು ನಡೆಸುವ ಪ್ರೋಗ್ರಾಂ) ಹುಡುಕುತ್ತಾ ಒಂದು ಸಂಜೆ ಸುಮ್ನೆ ಕಳೆದೆ. ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇತ್ತು. ಕಾರ್ಡನ್ನು ಮಾತಾಡಿಸೋದು ಕರ್ನಲ್‌ನ ಆಲ್ಸಾ ಅನ್ನೋ ಭಾಗ. ಯಾವ ಸದ್ದು ಎಲ್ಲಿಗೆ ಹೋಗಬೇಕು ಅಂತ ಹಂಚೋದು ಅದರ ಮೇಲಿರುವ ಪೈಪ್‌ವೈರ್ ಅನ್ನೋ ಪ್ರೋಗ್ರಾಂ. ನನ್ನ ಸದ್ದು ಎಚ್‌ಡಿಎಂಐ ಕೇಬಲ್ ಹಿಡಿದು ಮಾನಿಟರಿಗೆ ಹೋಗುತ್ತಿತ್ತು. ಮಾನಿಟರಿಗೆ ಸ್ಪೀಕರೇ ಇಲ್ಲ! ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ಬದಲಿಸಿದೆ. ಆದರೂ ಮೌನ. ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ (ಸದ್ದಿನ ಮಟ್ಟ ಹೊಂದಿಸುವ ಪ್ರೋಗ್ರಾಂ) ತೆರೆದು, ಎಫ್6 ಒತ್ತಿ ಕಾರ್ಡ್ ಆರಿಸಿದೆ. 'ಫ್ರಂಟ್' ಕಂಬದ ಕೆಳಗೆ 'ಎಂಎಂ' ಅಂತಿತ್ತು. ಅಂದರೆ ಮ್ಯೂಟ್. ಎಂ ಕೀ ಒತ್ತಿದೆ, 'ಎಂಎಂ' ಹೋಗಿ '00' ಆಯಿತು, ಸ್ಪೀಕರ್ ಬಾಯಿ ಬಿಟ್ಟಿತು. ಕೇಳೋದಕ್ಕೆ ಇಷ್ಟು ಸಾಕು, ದುಡ್ಡು ಖರ್ಚಿಲ್ಲ.

ರೆಕಾರ್ಡಿಂಗ್ ಬೇರೆಯೇ ಕಥೆ. ಮೈಕ್ ಚುಚ್ಚಿದರೆ ಗುಂಯ್ ಅನ್ನುವ ಸದ್ದು. ಮೌಸ್ ಸರಿಸಿದಾಗಲೆಲ್ಲ ಅದರೊಳಗೆ ಝಿರ್ರ್ ಅಂತ ಕೇಳುತ್ತದೆ. ಮೈಕಿನ ದನಿ ಹಿಗ್ಗಿಸುವ 'ಮೈಕ್ ಬೂಸ್ಟ್' ಇಳಿಸಿದರೆ ಗದ್ದಲದ ಜೊತೆ ಅವ್ವನ ದನಿಯೂ ಇಳಿಯಿತು.

ಆಗ 300 ರೂಪಾಯಿಯ ಯುಎಸ್‌ಬಿ ಸೌಂಡ್ ಕಾರ್ಡ್ ತಂದೆ. ಹೆಬ್ಬೆರಳಿನಷ್ಟು ದೊಡ್ಡದು, ಒಳಗೆ ಸಿ-ಮೀಡಿಯಾ ಕಂಪನಿಯ ಚಿಪ್. ಯುಎಸ್‌ಬಿ ಆಡಿಯೋಗೆ ಒಂದು ಸಾಮಾನ್ಯ ನಿಯಮ ಇದೆ. ಅದನ್ನು ಪಾಲಿಸುವ ಕಾರ್ಡ್‌ಗಳಿಗೆಲ್ಲ ಕರ್ನಲ್‌ನ ಒಂದೇ ಡ್ರೈವರ್ ಸಾಕು. ಚುಚ್ಚಿದ ಕೂಡಲೇ ಪಟ್ಟಿಯಲ್ಲಿ ಬಂತು. ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಕಾರ್ಡನ್ನು ಕ್ಯಾಬಿನೆಟ್‌ನಿಂದ ದೂರ ಇಟ್ಟೆ, ಝಿರ್ರ್ ನಿಂತಿತು. ಮೈಕ್ ಮೋನೋ, ಅಂದರೆ ಒಂದೇ ಚಾನೆಲ್, ಆದರೆ ಒಬ್ಬರ ಹಾಡಿಗೆ ಅಷ್ಟು ಸಾಕಲ್ವಾ? ಕೇಳೋದಕ್ಕೆ ಮಾತ್ರ ನನಗೆ ಬೋರ್ಡಿನ ಸೌಂಡೇ ಇಷ್ಟ. ಯುಎಸ್‌ಬಿಯಲ್ಲಿ ತಬಲಾದ ಬಾಯಾ (ಎಡಗೈಯ ದಪ್ಪ ದನಿಯ ಭಾಗ) ತೆಳ್ಳಗೆ ಕೇಳುತ್ತದೆ.

ಹಾಗಾಗಿ ಎರಡನ್ನೂ ಇಟ್ಟುಕೊಂಡೆ. ಔಟ್‌ಪುಟ್ ಬೋರ್ಡಿಗೆ, ಇನ್‌ಪುಟ್ ಯುಎಸ್‌ಬಿಗೆ. ಪೈಪ್‌ವೈರ್ ತಕರಾರಿಲ್ಲದೆ ಒಪ್ಪಿತು. ಭಾನುವಾರ ಫ್ಯಾನ್ ಆರಿಸಿ ಮೊದಲ ಪದ ಹಿಡಿದೆ. ಅವ್ವ ಕೈ ತಿರುಗಿಸುತ್ತಾ ಹಾಡಿದಳು, ಬಳೆಯ ಸದ್ದೂ ಬಿಡಿಬಿಡಿಯಾಗಿ ಬಂದಿದೆ.